ಹುಟ್ಟುಗುಣ ಮತ್ತು ಸೂಜಿ ಹಿಡಿದ ಕೈ

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ಮಾತು ಎಲ್ಲ ಕಡೆಯೂ ಇದೆ, ನಮ್ಮ ಅಕ್ಕೂರಿನಲ್ಲಿ ಮಾತ್ರ ಅದು ತೀರ್ಪು. ಚನ್ನಪಟ್ಟಣ ತಾಲ್ಲೂಕಿನ ಈ ಕಡೆಯ ಹುಡುಗಿಗೆ ಮೆಡಿಕಲ್ ಸೀಟು ಸಿಕ್ಕಿದರೆ ಮೊದಲು ಸಂತೋಷ, ಹಿಂದೆಯೇ ಅನುಮಾನ: "ಬಾಯೇ ಬಿಡಲ್ಲ, ಇವಳೆಂಥಾ ಡಾಕ್ಟ್ರಾದಾಳು?" ಬೆಂಗಳೂರಿನ ವಾರ್ಡುಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದು, ನಿವೃತ್ತಿಯಾಗಿ ಊರಿಗೆ ಬಂದವಳೆಂದು ನನ್ನನ್ನೂ ಕೇಳುತ್ತಾರೆ. ಸ್ವಭಾವವೇ ಹಣೆಬರಹವೇ? ಶಾಸ್ತ್ರ ಓದಿದವರು ಏನು ಹೇಳುತ್ತಾರೋ, ನಾನು ಈ ಪ್ರಶ್ನೆಯನ್ನು ನೋಡಿದ್ದು ಹೌಸ್ ಸರ್ಜನ್‌ಗಳ ಬೆರಳುಗಳಲ್ಲಿ.

ಡ್ರಿಪ್‌ಗೆ ಸೂಜಿ ಹಾಕುವುದನ್ನೇ ನೋಡಿ. ವಯಸ್ಸಾದವರ ಕೈಯಲ್ಲಿ ನರ ಉಬ್ಬಿ ಕಾಣುತ್ತದೆ, ಸೂಜಿ ತಗುಲಿದ್ದೇ ಪಕ್ಕಕ್ಕೆ ಜಾರುತ್ತದೆ. ಹೆಬ್ಬೆರಳಲ್ಲಿ ಚರ್ಮವನ್ನು ಕೆಳಕ್ಕೆ ಬಿಗಿಯಾಗಿ ಎಳೆದು ಹಿಡಿದು ಸೂಜಿಯನ್ನು ಓರೆಯಾಗಿ ಇಳಿಸಬೇಕು. ಹಿಂದಿನ ಪುಟ್ಟ ಗೂಡಿನಲ್ಲಿ ರಕ್ತ ಕಂಡಾಗ ಇನ್ನಷ್ಟು ಮಲಗಿಸಿ ಕೂದಲೆಳೆಯಷ್ಟು ಮುಂದೆ. ಆಮೇಲೆ ಒಳಗೆ ಹೋಗಬೇಕಾದದ್ದು ಪ್ಲಾಸ್ಟಿಕ್ ಕೊಳವೆ ಮಾತ್ರ. ಧೈರ್ಯಸ್ಥರು ಎಡವುವುದು ಇಲ್ಲೇ. ರಕ್ತ ಕಂಡ ಖುಷಿಗೆ ಸೂಜಿಯನ್ನೂ ನೂಕಿ ನರದ ಆಚೆಬದಿ ತೂತು ಮಾಡುತ್ತಾರೆ, ಕೈ ಊದಿಕೊಳ್ಳುತ್ತದೆ. ಅಂಜುಬುರುಕರು ಚರ್ಮದಲ್ಲೇ ತಡೆದು ತಡೆದು ನೋವು ದುಪ್ಪಟ್ಟು ಮಾಡುತ್ತಾರೆ. ನರ ಯಾರ ಸ್ವಭಾವಕ್ಕೂ ರಿಯಾಯಿತಿ ಕೊಡುವುದಿಲ್ಲ.

ಮನಃಶಾಸ್ತ್ರದವರು ಸ್ವಭಾವವನ್ನು ಐದು ಗುಣಗಳಲ್ಲಿ ಅಳೆಯುತ್ತಾರೆ. ಬೇಗ ಕಳವಳಪಡುವವರಿಗೆ ತಮ್ಮ ಮೇಲೆ ನಂಬಿಕೆ ಕಡಿಮೆ, ಅಚ್ಚುಕಟ್ಟಿನವರಿಗೂ ಜನರ ಜೊತೆ ಬೆರೆಯುವವರಿಗೂ ಹೆಚ್ಚು ಎಂಬುದು ಅವರ ಸಾಮಾನ್ಯ ತೀರ್ಮಾನ. ಇರಬಹುದು. ಆದರೆ ನಂಬಿಕೆ ಇದ್ದಲ್ಲಿ ಕೌಶಲ ಇರಲೇಬೇಕೆಂದಿಲ್ಲ. ವೈದ್ಯರು ತಮ್ಮನ್ನು ತಾವು ಅಳೆದುಕೊಳ್ಳುವುದರ ಬಗ್ಗೆ 2006ರಲ್ಲಿ ಅಮೆರಿಕದ 'ಜಾಮಾ' ಪತ್ರಿಕೆಯಲ್ಲಿ ಒಂದು ಪರಾಮರ್ಶೆ ಬಂತು. ಲೆಕ್ಕ ಅತಿಹೆಚ್ಚು ತಪ್ಪಿದ್ದು ಕೌಶಲ ತೀರ ಕಡಿಮೆ ಇದ್ದವರದು ಮತ್ತು ಆತ್ಮವಿಶ್ವಾಸ ತೀರ ಹೆಚ್ಚಿದ್ದವರದು.

ಹಾಗಾದರೆ ಮೃದು ಸ್ವಭಾವದವರು ಹಿಂದೆ ಬೀಳುವುದೇಕೆ? ಇದಕ್ಕೆ ವಾರ್ಡಿನಲ್ಲೇ ಉತ್ತರವಿದೆ. ಒಂದು ಮಂಚದ ಸುತ್ತ ಹತ್ತು ಹನ್ನೆರಡು ಬಿಳಿಕೋಟುಗಳು. "ಸರ್, ನಾನು ಹಾಕ್ಲಾ?" ಅಂದವನಿಗೆ ಸೂಜಿ. ಮಾರನೇ ದಿನವೂ ಅವನೇ, ಯಾಕೆಂದರೆ ನಿನ್ನೆ ಹಾಕಿದ್ದಾನೆ. ಗೋಡೆಗೆ ಒರಗಿ ನಿಂತವಳು ನೋಡುತ್ತಲೇ ಪೋಸ್ಟಿಂಗ್ ಮುಗಿಸುತ್ತಾಳೆ. ಹುಟ್ಟುಗುಣ ನೇರವಾಗಿ ಕೈಗೆ ಇಳಿಯುವುದಿಲ್ಲ, ಯಾರಿಗೆ ಸರದಿ ಸಿಕ್ಕಿತು ಎನ್ನುವುದರ ಮೂಲಕ ಇಳಿಯುತ್ತದೆ. ಅದಕ್ಕೆ ವಿಧಿ ಅಂತ ಹೆಸರಿಡುತ್ತೇವೆ.

ಚರಕ ಸಂಹಿತೆ ವೈದ್ಯನಿಗೆ ನಾಲ್ಕು ಗುಣ ಹೇಳುತ್ತದೆ: ನಿರ್ಮಲವಾದ ಶಾಸ್ತ್ರಜ್ಞಾನ, ಕೆಲಸವನ್ನು ಮತ್ತೆ ಮತ್ತೆ ಕಂಡ ಅನುಭವ, ದಕ್ಷತೆ, ಶುಚಿತ್ವ. ಗಟ್ಟಿ ಗಂಟಲು ಆ ಪಟ್ಟಿಯಲ್ಲಿಲ್ಲ. ಸುಶ್ರುತನಂತೂ ಒಂದು ಅಧ್ಯಾಯವನ್ನೇ ಅಭ್ಯಾಸಕ್ಕೆ ಮೀಸಲಿಟ್ಟ: ಕುಂಬಳ, ಸೋರೆಗಳ ಮೇಲೆ ಕೊಯ್ಯುವುದು, ತಾವರೆ ದಂಟಿನ ಮೇಲೆ ನರ ಚುಚ್ಚುವುದು, ಬಟ್ಟೆ ಮತ್ತು ಮೆದುಚರ್ಮದ ಮೇಲೆ ಹೊಲಿಗೆ. ಎಷ್ಟೇ ಓದಿದ್ದರೂ ಈ ಪಳಗಾಟವಿಲ್ಲದವನು ಕೆಲಸಕ್ಕೆ ಯೋಗ್ಯನಲ್ಲ ಎನ್ನುವುದು ಅವನ ಮತ. ಇಂದಿನ ಸ್ಕಿಲ್ಸ್ ಲ್ಯಾಬಿನ ರಬ್ಬರ್ ತೋಳು ಆ ಸೋರೆಕಾಯಿಯ ಮೊಮ್ಮಗು.

ಗೀತೆಯನ್ನು ತೋರಿಸಿ ನನ್ನ ಬಾಯಿ ಮುಚ್ಚಿಸುವವರಿದ್ದಾರೆ. ಜ್ಞಾನಿಯೂ ತನ್ನ ಪ್ರಕೃತಿಯಂತೆಯೇ ನಡೆಯುತ್ತಾನೆ, ನಿಗ್ರಹದಿಂದೇನು ಎಂಬ ಮಾತು ಮೂರನೇ ಅಧ್ಯಾಯದಲ್ಲಿದೆ, ನಿಜ. ಅದರ ಮುಂದಿನ ಶ್ಲೋಕದಲ್ಲೇ ರಾಗದ್ವೇಷಗಳ ವಶವಾಗಬೇಡ ಎಂದೂ ಇದೆ. ಎಲ್ಲವೂ ಪ್ರಕೃತಿಯೇ ಆಗಿದ್ದರೆ ಆ ಬುದ್ಧಿಮಾತು ಯಾರಿಗೆ? ಇನ್ನೊಂದು: ಆ ಪುಸ್ತಕ ಶುರುವಾಗುವುದೇ ಕೈ ನಡುಗಿ ಗಾಂಡೀವ ಜಾರುವುದರಿಂದ. ನಡುಗಿದ್ದು ಬಿಲ್ಲುವಿದ್ಯೆ ಬಾರದವನ ಕೈಯಲ್ಲ. ಬಾಣ ಯಾರಿಗೆ ತಾಕುತ್ತದೆ ಎಂದು ಗೊತ್ತಿದ್ದವನ ಕೈ. ಆ ನಡುಕದಲ್ಲಿ ಒಂದಂಶವಾದರೂ ವೈದ್ಯರಲ್ಲಿ ಉಳಿಯಲಿ ಎಂದೇ ನನ್ನ ಆಸೆ.

ಯಾಕೆಂದರೆ ಕಲಿಯುವ ಕೈಗೆ ಸಿಗುವುದು ಹೆಚ್ಚಾಗಿ ಜನರಲ್ ವಾರ್ಡಿನವರ ತೋಳು, ನಮ್ಮ ಕಡೆಯ ರಾಗಿ ಬೆಳೆದವರದು, ರೇಷ್ಮೆಹುಳ ಸಾಕಿದವರದು. ಆ ಋಣ ಫೀಸಿನಲ್ಲಿ ತೀರುವುದಿಲ್ಲ. ಈಗ ವೈದ್ಯಕೀಯ ಆಯೋಗದ ನಿಯಮದಂತೆ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ಮನೆಬಾಗಿಲಿಗೇ ಬರಬೇಕು. ಮೇಷ್ಟ್ರುಗಳೇ, ಮಂಚದ ಸುತ್ತ ಹಿಂದೆ ನಿಂತವರನ್ನು ಹೆಸರು ಹಿಡಿದು ಕರೆಯಿರಿ. ಊರಿನವರೇ, ಬಿ.ಪಿ. ನೋಡಲು ಬಂದ ಗುಂಪಿನಲ್ಲಿ ಬಾಯಿ ಬಿಡದವಳ ಕಡೆಗೇ ತೋಳು ಚಾಚಿ, ಸರಿಯಾಗದಿದ್ದರೆ ಇನ್ನೊಂದ್ಸಲ ನೋಡವ್ವ ಅನ್ನಿ. ಸೂಜಿಯಾದರೆ ಮಾತ್ರ ಎರಡು ಸಲ ತಪ್ಪಿದ ಮೇಲೆ ದೊಡ್ಡ ಡಾಕ್ಟರನ್ನು ಕರೆಯಲು ಹೇಳಿ. ಹಾಗೆ ಕೇಳುವ ಹಕ್ಕು ನಿಮಗಿದೆ.