ಡೈನಮೋ ಬದಿಯ ಸೀಲು

ಮೇಸ್ತ್ರಿ ಬಂದವರು ಸ್ಪ್ಯಾನರ್ ಚೀಲ ಕೆಳಗಿಡುವ ಮೊದಲೇ ಕೇಳಿದ್ದು ಗೆರಟೆ. "ಏಳೆಂಟು ಗೆರಟೆ ಉಂಟಾ ಮಾರಾಯ್ರೆ? ತುರಿದು ಒಣಗಿಸಿದ್ದು ಆಗ್ಬೇಕು." ಮಣ್ಣಗುಡ್ಡದ ನಮ್ಮ ಮನೆಯಲ್ಲಿ ಗೆರಟೆಗೇನು ಬರ? ಬಚ್ಚಲ ಒಲೆಗೆ ಹೋಗಬೇಕಿದ್ದವು ಜಗಲಿಯಲ್ಲಿ ಸಾಲಾಗಿ ಕೂತವು. ಹೆಡ್ಡಿನ ನಟ್ಟು ಒಂದಕ್ಕೆ, ಕಾರ್ಬೊರೇಟರಿನ ಸಾಮಾನು ಇನ್ನೊಂದಕ್ಕೆ, ಡೈನಮೋದ ಸ್ಕ್ರೂ ಮತ್ತೊಂದಕ್ಕೆ. ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಗೆರಟೆಗಳು ತುಂಬುತ್ತ ಹೋದವು. ಕೂಡಿಸುವಾಗ ಬಲದಿಂದ ಎಡಕ್ಕೆ ಖಾಲಿಯಾಗುತ್ತ ಬರಬೇಕು. ಕೊನೆಗೆ ಯಾವುದಾದರೂ ಗೆರಟೆಯಲ್ಲಿ ಒಂದು ವಾಷರ್ ಉಳಿಯಿತೋ, ಮತ್ತೆ ಮೊದಲಿನಿಂದ ಬಿಚ್ಚು.

ಗಾಡಿ ಅಪ್ಪನದು, 1984ರ ಯೆಜ್ಡಿ ರೋಡ್‌ಕಿಂಗ್. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ನಡೆಸಿದ ಐಡಿಯಲ್ ಜಾವಾ ಕಾರ್ಖಾನೆಯ ಸಂತಾನ. 1961ರಿಂದ ಅಲ್ಲಿ ಜಾವಾ ಎಂಬ ಹೆಸರಲ್ಲಿ, 1973ರಿಂದ ಯೆಜ್ಡಿ ಎಂಬ ಹೆಸರಲ್ಲಿ ಗಾಡಿಗಳು ಹೊರಬಿದ್ದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಗೇರು ಹಾಕುವ ಪೆಡಲನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್. ಗೊತ್ತಿಲ್ಲದವನು ಕದ್ದರೂ ಸ್ಟಾರ್ಟ್ ಮಾಡಲಾರ ಎಂದು ಅಪ್ಪ ಹೆಮ್ಮೆಪಡುತ್ತಿದ್ದರು. ಆ ಹೆಮ್ಮೆಗೆ ತಕ್ಕ ಹಾಗೆ ಯಾರೂ ಕದಿಯಲೂ ಇಲ್ಲ.

ಈಗ ಅದನ್ನು ಬಿಚ್ಚಬೇಕಾಗಿ ಬಂದದ್ದು ಎರಡು ಸಲ ಸೀಜ್ ಆದ ಮೇಲೆ.

ಮೊದಲನೆಯದು ಚಾರ್ಮಾಡಿ ಘಾಟಿಯಲ್ಲಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮಂಜು ನೋಡುತ್ತ, ರೈಸ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಸುತ್ತಿದ್ದೆ. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಕಿರ್ರೆಂದು ಎಳೆಯಿತು. ಕ್ಲಚ್ ಹಿಡಿದದ್ದರಿಂದ ಮೈಕೈ ಉಳಿಯಿತು, ಎಂಜಿನ್ ಮಾತ್ರ ಕಲ್ಲಾಯಿತು. ಕಾರಣ ಎಲ್ಲರಿಗೂ ಗೊತ್ತಿತ್ತು. ಟೂ-ಸ್ಟ್ರೋಕ್ ಎಂಜಿನ್ನಿಗೆ ನಿಮ್ಮ ಈಗಿನ ಬೈಕುಗಳ ಹಾಗೆ ಅಡಿಯಲ್ಲಿ ಎಣ್ಣೆಯ ತೊಟ್ಟಿ ಇಲ್ಲ. ಪೆಟ್ರೋಲಿಗೆ ಬೆರೆಸಿದ ಟೂ-ಟಿ ಆಯಿಲೇ ಅದರ ಅನ್ನ, ಅದೇ ನೀರು. ರೈಸ್ ಮುಚ್ಚಿದರೆ ಪೆಟ್ರೋಲ್ ನಿಂತಿತು, ಜೊತೆಗೆ ಎಣ್ಣೆಯೂ ನಿಂತಿತು. ಚಕ್ರವೋ ಇಳಿಜಾರಿನಲ್ಲಿ ಎಂಜಿನ್ನನ್ನು ಎಳೆದು ತಿರುಗಿಸುತ್ತಲೇ ಇರುತ್ತದೆ. ಎಣ್ಣೆ ಇಲ್ಲದ ಪಿಸ್ಟನ್ ಬಿಸಿಯಾಗಿ, ಹಿಗ್ಗಿ, ಬೋರಿಗೆ ಕಚ್ಚಿಕೊಳ್ಳುತ್ತದೆ. ಅಪ್ಪ ಘಾಟಿ ಇಳಿಯುವಾಗ ನಾಲ್ಕು ತಿರುವಿಗೊಮ್ಮೆ ಕ್ಲಚ್ ಹಿಡಿದು 'ಹೂಂ ಹೂಂ' ಎಂದು ರೈಸ್ ಕೊಡುತ್ತಿದ್ದರು. ಹಿಂದೆ ಕೂತ ನನಗೆ ಅದು ಗತ್ತು ಎಂದೇ ಕಾಣುತ್ತಿತ್ತು. ಎಂಜಿನ್ನಿಗೆ ಗುಟುಕು ಕೊಡುತ್ತಿದ್ದರು ಎಂದು ತಿಳಿಯಲು ನನಗೆ ಒಂದು ಪಿಸ್ಟನ್ ಖರ್ಚಾಯಿತು.

ಊರಿನ ಒಂದು ಗ್ಯಾರೇಜಿಗೆ ಕೊಟ್ಟೆ. ಚಾರ್ಮಾಡಿ ಎಂದ ಕೂಡಲೇ ಅವರು ತಲೆಯಾಡಿಸಿದರು, ನಾನೂ ತಲೆಯಾಡಿಸಿದೆ. ಬೋರ್ ಮಾಡಿಸಿ 0.50 ಮಿಲಿಮೀಟರ್ ದೊಡ್ಡ ಪಿಸ್ಟನ್ ಕೂರಿಸಿದರು. ಎರಡು ತಿಂಗಳು ಚೆನ್ನಾಗಿಯೇ ಓಡಿತು. ಆಮೇಲೆ ಒಂದು ಮಧ್ಯಾಹ್ನ ಮುಲ್ಕಿಯ ಹತ್ತಿರ, ಅಂಗೈಯಷ್ಟು ಸಮತಟ್ಟಾದ ಹೆದ್ದಾರಿಯಲ್ಲಿ, ಅದೇ ಕಿರ್ರ್. ಈ ಸಲ ಹೊಣೆ ಹೊರಿಸಲು ಘಾಟಿ ಇರಲಿಲ್ಲ.

ಮೇಸ್ತ್ರಿಯನ್ನು ಮನೆಗೇ ಕರೆಸಿದ್ದು ಆಮೇಲೆ. ಅವರು ಮೊದಲು ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದರು. ಸರಿಯಾಗಿ ಉರಿದ ಪ್ಲಗ್ಗಿನ ಮೂತಿ ಕಾಫಿ ಬಣ್ಣಕ್ಕಿರಬೇಕು. ಇದು ಸುಣ್ಣ ಬಳಿದ ಹಾಗೆ ಬಿಳಿ. ಅವರು ಏನೂ ಹೇಳದೆ ಪ್ಲಗ್ಗನ್ನು ಮೊದಲ ಗೆರಟೆಗೆ ಹಾಕಿದರು. ಹೆಡ್ಡಿನ ನಟ್ಟುಗಳನ್ನು ಒಂದೇ ಸಲ ಬಿಚ್ಚದೆ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿದರು. ಒಂದೇ ಕಡೆ ಬಿಗಿ ಉಳಿದರೆ ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾಗುತ್ತದೆ. ಬ್ಲಾಕ್ ಮೇಲೆತ್ತುವ ಮೊದಲು ಕೇಸಿನ ಬಾಯಿಗೆ ಚಿಂದಿ ಬಟ್ಟೆ ತುರುಕಿದರು. ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ಉಗುರಿನಷ್ಟಿರುತ್ತದೆ. ಚಿಮ್ಮಿ ಒಳಗೆ ಬಿತ್ತೆಂದರೆ ಇಡೀ ಎಂಜಿನ್ ಸೀಳಬೇಕು. ಪಿನ್ ಹೊರಗೆ ಬರಲೊಲ್ಲದು. ಸುತ್ತಿಗೆ ಎತ್ತಿದರೆ ಕನೆಕ್ಟಿಂಗ್ ರಾಡ್ ಬಾಗೀತು. ಒಳಗಿನಿಂದ ಕುದಿನೀರು ತರಿಸಿ, ಬಟ್ಟೆ ಅದ್ದಿ, ಪಿಸ್ಟನ್ ತಲೆಗೆ ಸುತ್ತಿ ಎರಡು ನಿಮಿಷ ಕಾದರು. ಜ್ವರಕ್ಕೆ ತಣ್ಣೀರು ಪಟ್ಟಿ, ಇದಕ್ಕೆ ಬಿಸಿನೀರು ಪಟ್ಟಿ. ಪಿನ್ ಹೆಬ್ಬೆರಳಿಗೇ ಜಾರಿ ಬಂತು.

ಆಗ ಇನ್ನೂ ಹನ್ನೊಂದು ಗಂಟೆ ಆಗಿರಲಿಲ್ಲ. ಬಿಚ್ಚುವ ಕೆಲಸ ಇಷ್ಟೇ ಆದರೆ ನಾನೇ ಮಾಡಬಹುದಿತ್ತಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವರು ಕೈ ಒರೆಸಿಕೊಂಡು, ಪಿಸ್ಟನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಊಟದ ಹೊತ್ತಿನವರೆಗೂ ನೋಡಿದರು. ಉತ್ಪ್ರೇಕ್ಷೆ ಇಲ್ಲ.

ಟೂ-ಸ್ಟ್ರೋಕ್ ಪಿಸ್ಟನ್ ಅಂದರೆ ಜಾತಕ ಇದ್ದ ಹಾಗೆ. ಇದರಲ್ಲಿ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಓಡಾಡಿ ಮುಚ್ಚಿ ತೆರೆಯುತ್ತದೆ. ಹಾಗಾಗಿ ಒಳಗೆ ನಡೆದದ್ದೆಲ್ಲ ಅದರ ಮೈಮೇಲೆ ಗೀರಾಗಿ ಬಿದ್ದಿರುತ್ತದೆ. ಸೈಲೆನ್ಸರ್ ಬದಿಯಲ್ಲಿ ಉದ್ದುದ್ದ ಗೀರು, ಅಲ್ಯೂಮಿನಿಯಂ ಕರಗಿ ಮೆತ್ತಿದ ಗುರುತು. ರಿಂಗಿನ ಕೆಳಗೆ ಕಪ್ಪು ಇಳಿದಿಲ್ಲ. ಅಂದರೆ ರಿಂಗು ತನ್ನ ಕೆಲಸ ಮಾಡುತ್ತಿತ್ತು. ರಿಂಗನ್ನು ಕಳಚಿ ಬೋರಿನೊಳಗೆ ಒಂಟಿಯಾಗಿ ಕೂರಿಸಿ, ಅದರ ಎರಡು ತುದಿಗಳ ನಡುವೆ ಫೀಲರ್ ಗೇಜಿನ ಎಲೆ ತೂರಿಸಿದರು. ಕಾಲು ಮಿಲಿಮೀಟರಿನ ಆಸುಪಾಸು, ಹೊಸದರ ಲಕ್ಷಣ. "ಪಿಸ್ಟನ್ ಒಳ್ಳೇದು, ಬೋರು ಒಳ್ಳೇದು, ರಿಂಗು ಒಳ್ಳೇದು. ಆದ್ರೂ ಸತ್ತಿದೆ. ಹಾಗಾದ್ರೆ ಕೊಂದದ್ದು ಬೇರೆ ಯಾರೋ."

ಊಟ ಮುಗಿಸಿ ಬಲಬದಿಯ ಕವರ್ ತೆಗೆದರು. ಡೈನಮೋ ಇರುವ ಆ ಕೋಣೆ ಒಣಗಿರಬೇಕು, ಅಲ್ಲಿ ಎಣ್ಣೆಗೆ ಕೆಲಸವಿಲ್ಲ. ಬೆರಳಾಡಿಸಿ ನನಗೆ ತೋರಿಸಿದರು: ಕಪ್ಪಗೆ, ಅಂಟಂಟಾಗಿ ಪಸೆ. ಆರ್ಮೇಚರ್ ಹೊರತೆಗೆದಾಗ ಕ್ರ್ಯಾಂಕಿನ ಕತ್ತಿಗೆ ಸುತ್ತಿ ಕೂತಿದ್ದ ರಬ್ಬರಿನ ಆಯಿಲ್ ಸೀಲು ಕಂಡಿತು. ಅದರ ತುಟಿ ಮೆತ್ತಗಿರಬೇಕಿತ್ತು. ಮಳೆಗಾಲದ ಹಪ್ಪಳ ಬಿಸಿಲಿಗೆ ಬಿದ್ದ ಹಾಗೆ ಸೆಟೆದು, ಒಂದು ಕಡೆ ಸೀಳಿತ್ತು.

ಈ ಪುಟ್ಟ ಬಳೆಗೆ ಅಷ್ಟೇಕೆ ಮಹತ್ವ ಎಂದರೆ, ಟೂ-ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಇರುವ ಕೋಣೆಯೂ ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಅದು ಕಾರ್ಬೊರೇಟರಿನಿಂದ ಉಸಿರೆಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಆ ಮಿಶ್ರಣವನ್ನು ಒತ್ತಿ ಸಿಲಿಂಡರಿಗೆ ನೂಕುತ್ತದೆ. ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ ಎಂಬವರು 1891ರ ಸುಮಾರಿಗೆ ಕಂಡುಕೊಂಡ ಉಪಾಯ ಇದು. ವಾಲ್ವು, ಕ್ಯಾಮು, ಸರಪಳಿ ಎಲ್ಲವನ್ನೂ ಕ್ರಮೇಣ ಮನೆಗೆ ಕಳಿಸಿತು. ಉಳಿದದ್ದು ಕಿಂಡಿಗಳ ಆಕಾರ, ಹೊಗೆ ಕೊಳವೆಯ ಅಳತೆ, ಅಷ್ಟೆ. ಆ ಅಷ್ಟೇ ಎಂಬುದರಲ್ಲಿ ಎಷ್ಟು ವಿದ್ಯೆ ಅಡಗಿತ್ತೆಂದರೆ, ಯಾದವಗಿರಿಯಲ್ಲಿ ಜಾವಾ ಶುರುವಾದ ಅದೇ 1961ರಲ್ಲಿ ಪೂರ್ವ ಜರ್ಮನಿಯ ಎಂಜೆಡ್ ತಂಡದ ರೇಸರ್ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ ರೇಸಿಗೆಂದು ಹೋದವನು ಊರಿಗೆ ವಾಪಸಾಗದೆ, ವಾಲ್ಟರ್ ಕಾಡೆನ್ ಎಂಬ ಎಂಜಿನಿಯರನ ಟೂ-ಸ್ಟ್ರೋಕ್ ಗುಟ್ಟುಗಳನ್ನು ಸುಜುಕಿಗೆ ಒಯ್ದ. ಮರುವರ್ಷ ಸುಜುಕಿಗೆ 50 ಸಿಸಿಯ ವಿಶ್ವ ಚಾಂಪಿಯನ್ ಪಟ್ಟ. ಗೂಢಚಾರರ ಸಿನಿಮಾಕ್ಕೆ ಸಾಲುವ ಕಥೆ. ನಮ್ಮ ಜಗಲಿಯ ಕಥೆ ಅದಕ್ಕಿಂತ ಸಣ್ಣದು.

ಸೀಲು ಸೀಳಿದರೆ ಪಂಪಿಗೆ ತೂತು. ಕೆಳಗೆ ಒತ್ತುವಾಗ ಎಣ್ಣೆಯ ಮಂಜು ಡೈನಮೋ ಕಡೆಗೆ ಸೋರುತ್ತದೆ, ಮೇಲೆ ಎಳೆಯುವಾಗ ಅಲ್ಲಿಂದ ಬರೀ ಗಾಳಿ ಕದ್ದು ಒಳಬರುತ್ತದೆ. ಮಿಶ್ರಣ ತೆಳುವಾಯಿತು, ಉರಿ ಹೆಚ್ಚಾಯಿತು, ಪ್ಲಗ್ ಬಿಳಿಯಾಯಿತು, ಪಿಸ್ಟನ್ ಕಚ್ಚಿತು. ಎಡಬದಿಯ, ಅಂದರೆ ಕ್ಲಚ್ ಕಡೆಯ ಸೀಲು ಹೋಗಿದ್ದರೆ ಗೇರ್ ಆಯಿಲ್ ಎಳೆದುಕೊಂಡು ಊರಿಡೀ ಬಿಳಿ ಹೊಗೆ ಬಿಟ್ಟು ತಾನೇ ಚಾಡಿ ಹೇಳುತ್ತಿತ್ತು. ಈ ಕಡೆಯದು ಮೌನಿ. ಚಾರ್ಮಾಡಿಯ ಕಾರಣ ಸುಳ್ಳೇನೂ ಆಗಿರಲಿಲ್ಲ. ಅದು ಅಷ್ಟು ಸರಿಯಾಗಿ ಹೊಂದಿಕೊಂಡದ್ದರಿಂದಲೇ ಯಾರೂ ಬಲಬದಿಯ ಕವರ್ ತೆಗೆದು ನೋಡಲಿಲ್ಲ, ನಾನು ಸೇರಿ.

ಗ್ಯಾರೇಜಿನವರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರ ಬಿಲ್ಲಿನಲ್ಲಿ ಪಿಸ್ಟನ್ನಿಗೆ ಒಂದು ಸಾಲು, ಬೋರಿಂಗಿಗೆ ಒಂದು ಸಾಲು, ಕೂಲಿಗೆ ಒಂದು ಸಾಲು ಇತ್ತು. ನೋಡಿದ್ದಕ್ಕೆ ಸಾಲು ಇರಲಿಲ್ಲ. ಇದ್ದಿದ್ದರೆ ನಾನು ಕೊಡುತ್ತಿದ್ದೆನೇ? ಡಾಕ್ಟರು ನೋಡಿ "ಏನೂ ಇಲ್ಲ, ಹೋಗಿ" ಎಂದರೆ ಫೀಸು ಕೊಟ್ಟು ಕೈಮುಗಿದು ಬರುತ್ತೇವೆ. ಮೆಕ್ಯಾನಿಕ್ ಹಾಗೆಂದರೆ "ಮತ್ತೆ ಎಂತಕ್ಕೆ ದುಡ್ಡು?" ಎಂದು ಕೇಳುವವರು ನಾವು. ಸಂಜೆ ಮೇಸ್ತ್ರಿಯ ಹತ್ತಿರ ಈ ಮಾತು ತೆಗೆದೆ. "ನೋಡಿದ್ದಕ್ಕೆಲ್ಲ ಎಂತ ದುಡ್ಡು" ಎಂದು ಅವರೂ ನಕ್ಕುಬಿಟ್ಟರು.

ಮರುದಿನ ಕೇಸನ್ನೂ ಸೀಳಿದರು. ಯೆಜ್ಡಿಯಲ್ಲಿ ಗೇರುಪೆಟ್ಟಿಗೆಯೂ ಅದೇ ಕವಚದೊಳಗೆ ಇರುವುದರಿಂದ ಹಲ್ಲಿನ ಚಕ್ರಗಳೆಲ್ಲ ಜಗಲಿಗೆ ಬಂದವು. ಜೋಡಣೆಯ ಮುಖಕ್ಕೆ ಸ್ಕ್ರೂಡ್ರೈವರ್ ಹಾಕಿ ಮೀಟಬಾರದು. ಒಂದು ಗೀರು ಬಿದ್ದರೂ ಆ ದಾರಿಯಲ್ಲಿ ಮತ್ತೆ ಗಾಳಿ ಕದಿಯುತ್ತದೆ. ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಅಡ್ಡಕ್ಕೆ ತುಸು ಆಡಿದರೆ ಚಿಂತೆಯಿಲ್ಲ, ಮೇಲೆ ಕೆಳಗೆ ಕೂದಲೆಳೆಯಷ್ಟೂ ಆಡಬಾರದು. ಆಡಲಿಲ್ಲ. ಕ್ರ್ಯಾಂಕಿನ ಒಂದು ಬೇರಿಂಗಿನಲ್ಲಿ ಮಾತ್ರ ತುಕ್ಕಿನ ಚುಕ್ಕೆ ಸಿಕ್ಕಿತು. ಅಪ್ಪ ತೀರಿಕೊಂಡ ಮೇಲೆ ಎರಡು ಮಳೆಗಾಲ ಗಾಡಿ ಕದಲದೆ ನಿಂತಿತ್ತು. ಸಮುದ್ರದ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಈ ಊರು. ಅಡಿಯಲ್ಲಿ ಎಣ್ಣೆ ನಿಲ್ಲದ ಎಂಜಿನ್ನಿನ ಬೇರಿಂಗಿಗೆ ಆ ತೇವದಿಂದ ಕಾಪಾಡಲು ಏನೂ ಇರುವುದಿಲ್ಲ. ಸೀಲು ಸೆಟೆದದ್ದೂ ಸುಮ್ಮನೆ ನಿಂತೇ ಇರಬೇಕು ಎಂಬುದು ಮೇಸ್ತ್ರಿಯ ತೀರ್ಮಾನ.

ಬ್ಲಾಕ್ ಲೇತಿಗೆ ಹೋಗಿ 0.75 ಆಗಿ ಬಂತು. ಇನ್ನು ಉಳಿದಿರುವುದು 1 ಮಿಲಿಮೀಟರಿನದೊಂದು ಅವಕಾಶ, ಆಮೇಲೆ ಹೊಸ ಸ್ಲೀವ್ ಹೊಡೆಸಬೇಕು. ಎರಡೂ ಸೀಲು, ಬೇರಿಂಗು ಹೊಸದು. ಸೀಲಿನ ಬೆಲೆ ಪಿಸ್ಟನ್ನಿನ ಬೆಲೆಯ ಮುಂದೆ ಚಿಲ್ಲರೆ. ಪ್ಯಾಕಿಂಗ್ ಮಾತ್ರ ಅಂಗಡಿಯಿಂದ ತರಲಿಲ್ಲ. ಪ್ಯಾಕಿಂಗ್ ಶೀಟನ್ನು ಕೇಸಿನ ಅಂಚಿನ ಮೇಲಿಟ್ಟು ಗುಂಡುತಲೆಯ ಸುತ್ತಿಗೆಯಿಂದ ಟಕಟಕ ಎಂದು ಮೆಲ್ಲಗೆ ತಟ್ಟುತ್ತ ಹೋದರು. ಅಂಚಿಗೆ ಸಿಕ್ಕ ಕಾಗದ ತಾನಾಗಿ ಕತ್ತರಿಸಿ ಬಂತು, ಅಳತೆಪಟ್ಟಿಯೂ ಬೇಡ, ಪೆನ್ಸಿಲ್ಲೂ ಬೇಡ. ರಿಂಗಿನ ತುದಿಗಳನ್ನು ಪಿಸ್ಟನ್ನಿನ ಗುಬುಟಿಗೆ ಸರಿಹೊಂದಿಸಿ, ಬೆರಳಲ್ಲೇ ಅಮುಕಿ, ಎಣ್ಣೆ ಸವರಿದ ಬ್ಲಾಕನ್ನು ಮೇಲಿಂದ ಇಳಿಸಿದರು. ಆ ಗುಬುಟಿ ತಪ್ಪಿದರೆ ರಿಂಗು ತಿರುಗಿ, ಅದರ ತುದಿ ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ಹಳೆಯ ಸರ್ಕ್ಲಿಪ್ ನೋಡಲು ಚೆನ್ನಾಗಿಯೇ ಇತ್ತು. ಆದರೂ ಅಂಗಳದಾಚೆಗೆ ಎಸೆದರು.

ಏಳೂ ಗೆರಟೆ ಖಾಲಿ. ಕಿಕ್ಕರಿಗೆ ಮೂರನೇ ಒದೆತಕ್ಕೆ ಎಂಜಿನ್ ಕೆಮ್ಮಿತು, ಐದನೆಯದಕ್ಕೆ ಹಿಡಿಯಿತು. ಕೂಡಿಸುವಾಗ ಸವರಿದ ಎಣ್ಣೆಯೆಲ್ಲ ಉರಿದು ಎರಡು ಸೈಲೆನ್ಸರಿನಿಂದ ನೀಲಿ ಹೊಗೆ ಎದ್ದು ನಮ್ಮ ಅಡ್ಡರಸ್ತೆ ಕಾಣದಾಯಿತು. ಎದುರಿನ ಫ್ಲ್ಯಾಟಿನ ಬಾಲ್ಕನಿಯಿಂದ ಒಬ್ಬರು ಕೂಗಿದರು: "ಎಂತ ಮಾರಾಯ್ರೆ, ಮಲೇರಿಯಾಕ್ಕೆ ಫಾಗಿಂಗಾ?"

ಅವರ ಮಾತಿನಲ್ಲಿ ನ್ಯಾಯ ಇಲ್ಲದಿಲ್ಲ. ಸುಡದ ಪೆಟ್ರೋಲನ್ನೂ ಎಣ್ಣೆಯನ್ನೂ ಹೊರಗುಗುಳುವ ಈ ಜಾತಿಯ ಎಂಜಿನ್ನುಗಳು ಹೊಗೆಯ ನಿಯಮ ಬಿಗಿಯಾಗುತ್ತ ಬಂದ ಹಾಗೆ ರಸ್ತೆಯಿಂದ ಸರಿದವು, ಸರಿಯಬೇಕಾದದ್ದೇ. ದಿನವೂ ಓಡಿಸಲು ನನ್ನ ಬಳಿ ಬೇರೆ ಸ್ಕೂಟರ್ ಇದೆ. ಯೆಜ್ಡಿ ಭಾನುವಾರ ಲೇಡಿಹಿಲ್ ದಾಟಿ ತಣ್ಣೀರುಬಾವಿವರೆಗೆ ಹೋಗಿ ಬರುತ್ತದೆ. ಮೊದಲ 500 ಕಿಲೋಮೀಟರ್ ಐವತ್ತರ ಮೇಲೆ ಓಡಿಸಬಾರದೆಂದು ಮೇಸ್ತ್ರಿಯ ಕಟ್ಟಪ್ಪಣೆ. ಇವತ್ತಿಗೆ 340 ಆಗಿದೆ. ಪ್ಲಗ್ ಕಾಫಿ ಬಣ್ಣಕ್ಕೆ ತಿರುಗಿದೆ.

ನಿಮ್ಮ ಮನೆಯ ಹಿಂದೆಯೂ ಟಾರ್ಪಾಲು ಹೊದ್ದ ಯೆಜ್ಡಿಯೋ ಆರ್‌ಎಕ್ಸ್ ಹಂಡ್ರೆಡ್ಡೋ ನಿಂತಿದ್ದರೆ, ಮಳೆ ಹಿಡಿಯುವ ಮೊದಲು ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಎರಡು ಚಮಚ ಟೂ-ಟಿ ಆಯಿಲ್ ಬಿಡಿ. ಕೀ ಆಫ್ ಇಟ್ಟು ಹತ್ತು ಸಲ ಮೆಲ್ಲಗೆ ಕಿಕ್ ಒತ್ತಿ, ಪ್ಲಗ್ ಮರಳಿ ಹಾಕಿ. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು.