ಗಾಳ ಹಿಡಿಯದ ಕೈ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ — ಈ ಐದು ತಾಲೂಕುಗಳಲ್ಲಿ ಅಹಿಂಸೆಯ ಮೇಲೆ ಭಾಷಣ ಮಾಡಹೊರಟವನು ಕೇಳುವವರಿಗೆ ಹೊಸದೇನನ್ನೂ ಹೇಳಲಾರ. ಆಚಾರ್ಯ ಶಾಂತಿಸಾಗರರು ಬೆಳೆದ ಭೋಜ ಇಲ್ಲಿದೆ. ವಿದ್ಯಾನಂದ ಮುನಿಗಳು 1925ರಲ್ಲಿ ಹುಟ್ಟಿದ ಶೇಡಬಾಳ, ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ ಸದಲಗಾ ಇಲ್ಲಿವೆ. ಹೊತ್ತು ಮುಳುಗುವ ಮೊದಲೇ ಉಂಡು ಕೈತೊಳೆಯುವ ಜೈನರ ಮನೆಗಳುಂಟು. ನೆರೆಯ ಲಿಂಗಾಯತರ ಅಡಿಗೆಮನೆಯಲ್ಲಿಯೂ ಮಾಂಸ ಬೇಯುವುದಿಲ್ಲ. ಹೀಗಾಗಿ ನಮ್ಮಂಥವರಿಗೆ ಅಹಿಂಸೆಯೆಂಬುದು ಹಿರಿಯರಿಂದ ಬಂದ ಹೊಲವಿದ್ದಂತೆ. ನಾವು ಗಳಿಸಿದ್ದಲ್ಲ, ಆದುದರಿಂದ ಅದರ ಎಲ್ಲೆಕಲ್ಲು ಎಲ್ಲಿದೆಯೆಂದು ಹೋಗಿ ನೋಡಿದವರೂ ಕಡಿಮೆ.

ಆ ಎಲ್ಲೆಕಲ್ಲನ್ನು ಹುಡುಕುವ ಪ್ರಸಂಗ ನನಗೆ ಒದಗಿದ್ದು ಕಡಲ ದಂಡೆಯಲ್ಲಿ. ಅಂಕೋಲೆಯ ಕಡೆಯ ಸ್ನೇಹಿತರೊಬ್ಬರು, ನನ್ನಂತೆಯೇ ಕಾಲೇಜಿನಲ್ಲಿ ಪಾಠ ಹೇಳುವವರು, ರಜೆಯಲ್ಲಿ ನನ್ನನ್ನು ಬೇಲೇಕೇರಿಗೆ ಕರೆದೊಯ್ದರು. ಭರತ ಏರುವ ಹೊತ್ತಿಗೆ ಬಂಡೆಯ ಮೇಲೆ ಕುಳಿತು, ಗಾಳಕ್ಕೆ ಸಿಗಡಿ ಚುಚ್ಚಿ, ದಾರ ಬೀಸಿದರು. ಸಂಜೆಯವರೆಗೆ ಸಿಕ್ಕದ್ದು ಐದಾರು ನೊಗಲಿ. ತೀರ ಎಳೆಯದೊಂದನ್ನು ನೀರಿಗೆ ಮರಳಿಸಿದರು. ಉಳಿದವನ್ನು ಒದ್ದಾಡಲು ಬಿಡದೆ ಒಂದೇ ಏಟಿಗೆ ಕೊಂದರು. ನಾನು ಕೇಳಿದೆ: "ಪ್ಯಾಟ್ಯಾಗ ಮೀನು ಸಿಗೂದಿಲ್ಲೇನ್ರಿ? ಇದಕ್ಕ ಇಷ್ಟ ಹೊತ್ತು ಬಿಸಲಾಗ ಕೂಡಬೇಕ?"

"ಸಿಗ್ತದೆ ಮಾರಾಯ್ರೇ. ಆದ್ರೆ ಅಲ್ಲಿ ಕೊಂದವ ಒಬ್ಬ, ತಿನ್ನುವವ ನಾನು. ವರ್ಷಕ್ಕೆ ನಾಕು ಸಲವಾದ್ರೂ ಎರಡೂ ನಾನೇ ಆಗ್ಬೇಕು."

ಮಾತು ಚೆನ್ನಾಗಿದೆ. ಆದರೆ ಚೆನ್ನಾಗಿರುವ ಮಾತೆಲ್ಲ ಸಮಾಧಾನದ ಮಾತಲ್ಲ. ದಾರ ಜಗ್ಗಿದಾಗ ಅವರ ಮುಖದಲ್ಲಿ ಮೂಡುತ್ತಿದ್ದ ಸಂತೋಷವನ್ನು ನಾನು ಕಂಡಿದ್ದೆ. ಒಂದು ಜೀವದ ಕೊನೆಯ ಹೋರಾಟ ಇನ್ನೊಂದು ಜೀವಕ್ಕೆ ಆಟವಾಗಬಹುದೇ? ಮೀನಿಗೆ ನೋವಿಲ್ಲವೆಂದು ಜಾರಿಕೊಳ್ಳುವಂತೆಯೂ ಈಗಿಲ್ಲ. ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಪೆಟ್ಟನ್ನು ಗ್ರಹಿಸುವ ನರತುದಿಗಳನ್ನು ಗುರುತಿಸಿ 2003ರಲ್ಲಿ ಪ್ರಕಟಿಸಿದರು. ಹಿಡಿದು ಬಿಟ್ಟುಬಿಡುವುದೇ ದಯೆಯೆನ್ನುವವರುಂಟು. ಆದರೆ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಸ್ವಿಟ್ಜರ್ಲೆಂಡಿನ ಕಾನೂನು ನಿಷೇಧಿಸಿದೆ. ಊಟಕ್ಕಾದರೆ ನೋವಿಗೆ ಒಂದು ಕಾರಣವಾದರೂ ಇದೆ, ಬರಿಯ ಆಟಕ್ಕೆ ಅದೂ ಇಲ್ಲವೆಂಬುದು ಅದರ ಹಿಂದಿನ ವಿಚಾರವಿರಬೇಕು.

ನಮ್ಮ ಪರಂಪರೆಯ ತಕ್ಕಡಿಯಲ್ಲಿ ತೂಗಿದರಂತೂ ನನ್ನ ಸ್ನೇಹಿತರಿಗೆ ಬಿಡುಗಡೆಯಿಲ್ಲ. ಗೃಹಸ್ಥನು ಅಡಿಗೆಯಲ್ಲಿ, ಉದ್ಯೋಗದಲ್ಲಿ, ಆತ್ಮರಕ್ಷಣೆಯಲ್ಲಿ ಸ್ವಲ್ಪ ಹಿಂಸೆಯನ್ನು ತಪ್ಪಿಸಲಾರನೆಂದು ಜೈನಶಾಸ್ತ್ರ ಒಪ್ಪುತ್ತದೆ. ಆದರೆ ಸಂಕಲ್ಪಪೂರ್ವಕವಾದ ಹಿಂಸೆ ಅವನಿಗೂ ವರ್ಜ್ಯ. ಜನ್ನ 1209ರಲ್ಲಿ ಬರೆದು ಮುಗಿಸಿದ 'ಯಶೋಧರ ಚರಿತೆ'ಯ ತಿರುಳೂ ಇದೇ. ಅರಸ ಯಶೋಧರ ಬಲಿಕೊಟ್ಟದ್ದು ನಿಜವಾದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪ ಅವನನ್ನು ಜನ್ಮದಿಂದ ಜನ್ಮಕ್ಕೆ ಅಟ್ಟುತ್ತದೆ. ಒಂದು ಜನ್ಮದಲ್ಲಿ ಅವನು ಮೀನಾಗಿಯೇ ಹುಟ್ಟುತ್ತಾನೆ. ಹಿಟ್ಟಿಗೇ ಇಷ್ಟು ದಂಡವಾದರೆ ಗಾಳಕ್ಕೆಷ್ಟು?

ಇಲ್ಲಿಗೆ ತೀರ್ಪು ಮುಗಿಯಿತೆಂದು ನಾವು ಎದ್ದುಹೋಗಬಹುದಿತ್ತು. ಆದರೆ ಅದೇ ಶಾಸ್ತ್ರ ಇನ್ನೂ ಎರಡು ಮಾತು ಹೇಳಿದೆ. ಮೊದಲನೆಯದು, ಪಾಪವು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ: ತಾನು ಮಾಡಿದ್ದು, ಮಾಡಿಸಿದ್ದು, ಆಗಲಿ ಎಂದು ಒಪ್ಪಿಕೊಂಡದ್ದು. ಎರಡನೆಯದು, ಉಮಾಸ್ವಾತಿಗಳ ಪ್ರಕಾರ ಹಿಂಸೆಯ ಬೇರು ಪ್ರಮಾದದಲ್ಲಿದೆ, ಎಂದರೆ ಎಚ್ಚರಗೇಡಿತನದಲ್ಲಿದೆ. ಈ ಎರಡು ದೀಪ ಹಿಡಿದು ನಮ್ಮ ಹೊಳೆಯ ದಂಡೆಗೆ ಬರೋಣ.

ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆ ನೀರೇ ನಮ್ಮ ತಾಲೂಕುಗಳಿಗೆ ಇಳಿದುಬರುತ್ತದೆ. ಪಂಚಗಂಗೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಊರುಗಳ ಗಟಾರದ ನೀರು, ಕಾರಖಾನೆಗಳ ಹೊಲಸು ನೀರು ಹೊಳೆಗೆ ಸೇರುತ್ತವೆ. ಆ ಹೊಲಸು ಕೊಳೆಯುವಾಗ ನೀರಿನಲ್ಲಿ ಕರಗಿದ ಪ್ರಾಣವಾಯುವನ್ನೆಲ್ಲ ಸೂಕ್ಷ್ಮಜೀವಿಗಳು ಬಳಸಿಬಿಡುತ್ತವೆ. ಬೇಸಗೆಯಲ್ಲಿ ಹರಿವು ಕಡಿಮೆಯಾದಾಗ ಮೀನು ನೀರಿನಲ್ಲಿಯೇ ಉಸಿರುಗಟ್ಟಿ ಸಾಯುತ್ತದೆ. ಇಲ್ಲಿ ಗಾಳವಿಲ್ಲ, ಬಲೆಯಿಲ್ಲ, ಕೊಂದವನ ಹೆಸರಿಲ್ಲ. ನಮ್ಮ ಚಹದ ಸಕ್ಕರೆ, ಮೈಮೇಲಿನ ಅರಿವೆ, ಬಚ್ಚಲಿನಿಂದ ಹೊರಗೆ ಹೋದ ನೀರು — ಎಲ್ಲವೂ ಸ್ವಲ್ಪಸ್ವಲ್ಪ ಕೊಂದಿವೆ. ಯಶೋಧರನ ಕಥೆ ತಲೆಕೆಳಗಾದಂತಾಯಿತು: ಅಲ್ಲಿ ಸಂಕಲ್ಪವಿತ್ತು, ಸತ್ತ ಪ್ರಾಣಿಯಿರಲಿಲ್ಲ, ಇಲ್ಲಿ ಸತ್ತ ಪ್ರಾಣಿಗಳಿವೆ, ಸಂಕಲ್ಪವಿಲ್ಲ.

ಸಂಕಲ್ಪವಿಲ್ಲದ್ದರಿಂದ ನಾವು ನಿರ್ದೋಷಿಗಳೇ? ಮೊದಲ ಸಲ ಕೇಳಿದಾಗ ಹೌದೆನ್ನಬಹುದು. ಆದರೆ ಸುದ್ದಿ ಓದಿ, ಪತ್ರಿಕೆ ಮಡಿಸಿಟ್ಟು, ಮರುವರ್ಷ ಅದನ್ನೇ ಓದುವವನಿಗೆ 'ನನಗೆ ಗೊತ್ತಿರಲಿಲ್ಲ' ಎನ್ನುವ ಹಕ್ಕು ಉಳಿಯುವುದಿಲ್ಲ. ಗೊತ್ತಿದ್ದೂ ಸುಮ್ಮನಿರುವುದಕ್ಕೆ ಅನುಮೋದನೆಯೆಂದೇ ಹೆಸರು.

ಕೈಗೂ ಸಾವಿಗೂ ನಡುವಿನ ಅಂತರ ಹೆಚ್ಚಿದಂತೆ ಮನಸ್ಸು ಹಗುರವಾಗುವುದು ಎಲ್ಲೆಡೆಯ ರೀತಿ. ಕಾರವಾರದ ದಂಡೆಯಲ್ಲಿ ಹಿಂದೆ ಹತ್ತಾರು ಜನ ಕೂಡಿ ರಂಪಣಿ ಬಲೆ ಎಳೆಯುತ್ತಿದ್ದರು; ಬಂಗಡೆ ದಂಡೆಗೆ ಬಂದು ಬೀಳುವುದನ್ನು ಊರೇ ನೋಡುತ್ತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆ ಬಂದು ರಂಪಣಿ ಹಿಂದೆ ಸರಿಯಿತು. ಬೇಟೆ ದಂಡೆಯ ಕಣ್ಣಿಗೆ ಮರೆಯಾಗಿ ಕಡಲಿನೊಳಕ್ಕೆ ಹೋಯಿತು. ಮರೆಯಾದುದಕ್ಕೆ ಮಿತಿ ಹಾಕುವವರು ಯಾರು?

ನಾನು ಗಾಳ ಹಿಡಿಯುವವನಲ್ಲ, ಮುಂದೆಯೂ ಹಿಡಿಯಲಾರೆ. ಬೇಕೆಂದು ಕೊಲ್ಲುವುದು ತಪ್ಪೆಂಬ ನನ್ನ ಹಿರಿಯರ ಮಾತು ನನಗೆ ಇಂದಿಗೂ ಸರಿಯೆನಿಸುತ್ತದೆ. ಆದರೆ ನನ್ನ ಸ್ನೇಹಿತರಿಗೆ ತಾವು ಕೊಂದ ಮೀನಿನ ಲೆಕ್ಕ ಗೊತ್ತು: ಐದೋ ಆರೋ. ಆ ಲೆಕ್ಕ ಅವರನ್ನು ಎಳೆಯ ಮೀನಿನ ಮುಂದೆ ತಡೆಯುತ್ತದೆ. ನನಗೆ ನನ್ನ ಲೆಕ್ಕವೇ ಗೊತ್ತಿಲ್ಲವಾದುದರಿಂದ ನನ್ನನ್ನು ಯಾವುದೂ ತಡೆಯುವುದಿಲ್ಲ. ಅಹಿಂಸೆಯನ್ನು ತಟ್ಟೆಯಲ್ಲಿ ಮಾತ್ರ ಕಾಯ್ದುಕೊಂಡು ಗಟಾರದಲ್ಲಿ ಹರಿಯಬಿಡುವವನು ಅರ್ಧ ವ್ರತ ಹಿಡಿದವನು. ಉಳಿದ ಅರ್ಧ ನಮ್ಮ ನಗರಸಭೆಯ ಸಭೆಯಲ್ಲಿದೆ, ಕಾರಖಾನೆಯ ಶೇರುದಾರರ ವಾರ್ಷಿಕ ಸಭೆಯಲ್ಲಿದೆ. ಅಲ್ಲಿ ಎದ್ದುನಿಂತು "ಈ ನೀರು ಎಲ್ಲಿಗೆ ಹೋಗುತ್ತದೆ?" ಎಂದು ಕೇಳುವುದಕ್ಕೆ ಉಪವಾಸಕ್ಕಿಂತ ಹೆಚ್ಚಿನ ನಿಷ್ಠೆ ಬೇಕು.