ಎರಡು ಪ್ರತಿ, ಒಂದೇ ಕಡತವೇ?

ಕಚೇರಿಯ ಸರ್ವರ್‌ನಲ್ಲಿರುವುದೂ ನೌಕರರ ಲ್ಯಾಪ್‌ಟಾಪಿನಲ್ಲಿರುವುದೂ ‘ಒಂದೇ ಕಡತ’ ಎನ್ನುತ್ತೇವೆ. ಆ ಮಾತು ನಿಜವೇ? 1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್, ಪಾಲ್ ಮೆಕೆರಸ್ ರೂಪಿಸಿದ, ಎರಡು ಕಡೆಯ ಕಡತಗಳನ್ನು ಹೊಂದಿಸುವ ತಂತ್ರಾಂಶವಾದ ಆರ್‌ಸಿಂಕ್ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿ. ಅದು ಎರಡೂ ಪ್ರತಿಗಳ ಗಾತ್ರವನ್ನೂ ಕೊನೆಗೆ ತಿದ್ದಿದ ಹೊತ್ತನ್ನೂ ಹೋಲಿಸುತ್ತದೆ. ವ್ಯತ್ಯಾಸ ಕಂಡರೆ ಬದಲಾದ ತುಣುಕುಗಳನ್ನಷ್ಟೇ ತರಿಸಿ, ಪಕ್ಕದಲ್ಲಿ ಹೊಸ ಕಡತವೊಂದನ್ನು ಕಟ್ಟಿ, ಹಳೆಯದರ ಹೆಸರನ್ನು ಅದಕ್ಕೆ ಇಡುತ್ತದೆ. ಉಳಿದದ್ದು ಹೆಸರು, ವಸ್ತುವಲ್ಲ. ಎಲ್ಲವೂ ಕ್ಷಣಮಾತ್ರದ್ದು ಎನ್ನುವ ಬೌದ್ಧರ ಕ್ಷಣಿಕವಾದವು ದೀಪದ ಕುಡಿಯ ಬಗ್ಗೆ ಹೇಳುವುದೂ ಇದನ್ನೇ: ಕ್ಷಣಕ್ಷಣಕ್ಕೂ ಹೊಸ ಜ್ವಾಲೆ, ಸಾದೃಶ್ಯದಿಂದ ಒಂದೇ ಎಂಬ ಭ್ರಮೆ.

ನ್ಯಾಯದರ್ಶನದವರಾದ ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ‘ಅದೇ ಇದು’ ಎಂಬ ಪ್ರತ್ಯಭಿಜ್ಞೆಯೇ ವಸ್ತು ಸ್ಥಿರವೆಂಬುದಕ್ಕೆ ಪ್ರಮಾಣ ಎನ್ನುತ್ತಾರೆ. ಗಟ್ಟಿಯಾದ ಆಕ್ಷೇಪವೇ ಸರಿ. ಆದರೆ ಒಂದೇ ದರಪಟ್ಟಿಯನ್ನು ಇಬ್ಬರು ಎರಡು ಕಡೆ ತಿದ್ದಿದಾಗ ಇಬ್ಬರಿಗೂ ಆ ಪ್ರತ್ಯಭಿಜ್ಞೆ ಇರುತ್ತದೆ, ಇಬ್ಬರೂ ಸರಿಯಾಗಿರಲಾರರು. ಅಕ್ಷರಕ್ಷರವೂ ಕೂಡುವಾಗ ಎರಡೂ ಒಂದೇ ಅಲ್ಲವೇ ಎಂದರೆ, ಆ ಹೊತ್ತಿಗೆ ಒಂದೇ ಥರ, ಅಷ್ಟೆ. ಒಂದನ್ನು ತಿದ್ದಿದರೆ ಇನ್ನೊಂದು ತಾನಾಗಿ ಮಿಸುಕುವುದಿಲ್ಲ. ಆದ್ದರಿಂದ ಈ ಐಕ್ಯ ವಸ್ತುವಿನಲ್ಲಿಲ್ಲ, ಅದನ್ನು ಕಾಯುವವರ ಎಚ್ಚರದಲ್ಲಿದೆ ಎಂಬುದು ನನ್ನ ನಿಲುವು. ಆ ಎಚ್ಚರ ಯಂತ್ರಕ್ಕಿಲ್ಲ: ವಿಶೇಷವಾಗಿ ಕೇಳದ ಹೊರತು ಆರ್‌ಸಿಂಕ್ ಯಾವುದು ಹೊಸದೆಂದು ನೋಡುವುದಿಲ್ಲ. ಕಳಿಸಿದ ಕಡೆಯದೇ ಉಳಿಯುತ್ತದೆ. ಕಳಿಸುವ ಮುನ್ನ ಪಕ್ಕದ ಮೇಜಿನವರನ್ನು ಒಮ್ಮೆ ಕೇಳಿ.